ಪಾರ್ಮಾಕ್ಕೆ ಹೊರಟ ಮಗಳಿಗೆ, ಕೊರಬಾಡಿನ ಊರಿಂದ

ಮಗಳೇ,

ಆಹಾರ ತಂತ್ರಜ್ಞಾನ ಓದಲು ನೀನು ಇಟಲಿಯ ಪಾರ್ಮಾಕ್ಕೆ ಹೊರಟಿರುವುದು ಶಿರಾ ಸೀಮೆಯ ತಾವರೆಕೆರೆಯ ನಮ್ಮ ಮನೆಗೆಲ್ಲ ಹೆಮ್ಮೆ. ವೀಸಾ, ಬಾಡಿಗೆ ಕೋಣೆ, ಫೀಸು, ಚಳಿಗೆ ಬೇಕಾದ ಬಟ್ಟೆ ಇವುಗಳ ಬಗ್ಗೆ ಹೇಳಲು ನಿನ್ನ ಓರಗೆಯವರು ಬೇಕಾದಷ್ಟು ಜನ ಇದ್ದಾರೆ. ಹಾಲು ಒಕ್ಕೂಟದಲ್ಲಿ ದುಡಿದು ನಿವೃತ್ತನಾದ ನಿನ್ನ ದೊಡ್ಡಪ್ಪನಾಗಿ ನಾನು ಹೇಳಬೇಕಾದದ್ದು ಬೇರೆ. ಕಾಲೇಜಿನಷ್ಟೇ ಕಲಿಸುವ ಇನ್ನೊಂದು ಜಾಗ ಆ ದೇಶದ ಊರೂರಲ್ಲಿದೆ. ಅದರ ಹೆಸರು ಸಲುಮೆರಿಯಾ. ಉಪ್ಪು ಹಾಕಿ ಒಣಗಿಸಿದ ಮಾಂಸ, ತಿಂಗಳುಗಟ್ಟಲೆ ಮಾಗಿಸಿದ ಚೀಸು, ಆಲಿವ್ ಕಾಯಿ, ಉಪ್ಪಿನಕಾಯಿ ಮಾರುವ ಹಳೇ ಕಾಲದ ಅಂಗಡಿ. ಸೂರಿನಿಂದ ಇಡೀ ಇಡೀ ತೊಡೆಗಳು ತೂಗುತ್ತಿರುತ್ತವೆ, ಗಾಜಿನ ಹಿಂದೆ ಚೀಸಿನ ಗಾಲಿಗಳು ಸಾಲಾಗಿ ಕೂತಿರುತ್ತವೆ. ಮಗ ಮಿಲಾನಿನಲ್ಲಿ ಕೆಲಸಕ್ಕಿದ್ದಾಗ ನಾನೂ ನಿನ್ನ ದೊಡ್ಡಮ್ಮನೂ ಅಲ್ಲಿಗೆ ಹೋಗಿದ್ದೆವಲ್ಲ, ಆಗ ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸಿದ್ದು ಚರ್ಚುಗಳಿಗಿಂತ ಈ ಅಂಗಡಿಗಳೇ.

ಅಲ್ಲಿ ನಾನು ಕಂಡದ್ದು ಇಷ್ಟು. ಗಿರಾಕಿ ಒಂದು ತುಂಡು ಚೀಸು ಕೇಳಿದರೆ, ಅದು ಯಾವ ಕಣಿವೆಯದು, ಹಸುವಿನ ಹಾಲಿನದೋ ಕುರಿಯದೋ, ಎಷ್ಟು ತಿಂಗಳು ಮಾಗಿದ್ದು ಎಂಬುದೆಲ್ಲ ಮಾರುವವನ ನಾಲಗೆಯ ಮೇಲೆ ಇರುತ್ತದೆ. ಕೇಳಿದವನೂ ಅದನ್ನು ತಿಳಿದೇ ಕೊಳ್ಳುತ್ತಾನೆ. ನೀನು ಅಲ್ಲಿ ಇರುವಷ್ಟು ದಿನವೂ ಆ ಕಟ್ಟೆಯ ಮುಂದೆ ನಿಂತು ನಾಲ್ಕು ಪ್ರಶ್ನೆ ಕೇಳುವುದನ್ನು ಅಭ್ಯಾಸ ಮಾಡಿಕೋ: ಇದನ್ನು ಮಾಡಿದವರು ಯಾರು, ಎಲ್ಲಿ ಮಾಡಿದ್ದು, ಎಷ್ಟು ಕಾಲ ಇಟ್ಟಿದ್ದು, ಉಪ್ಪಿನ ಜೊತೆ ಇನ್ನೇನು ಹಾಕಿದ್ದು. ಈ ನಾಲ್ಕಕ್ಕೆ ಸಿಗುವ ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದರೆ ಎರಡು ವರ್ಷದ ಓದಿಗೆ ಒಳ್ಳೆಯ ಬುನಾದಿ ಬೀಳುತ್ತದೆ.

ಆದರೆ ವಿಮಾನ ಹತ್ತುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅವರ ಒಣಮಾಂಸ ನೋಡಲು ಹೋಗುವವಳು ನಮ್ಮ ಒಣಮಾಂಸವಾದ ಕೊರಬಾಡನ್ನು ತಿಳಿದುಕೊಂಡು ಹೋಗಬೇಕು. ಫ್ರಿಜ್ಜು ಬಂದ ಮೇಲೆ ಹುಟ್ಟಿದವಳು ನೀನು, ನಿನ್ನ ಕಾಲಕ್ಕೆ ಅದು ನಮ್ಮ ಮನೆಯಲ್ಲೂ ಅಪರೂಪವಾಯಿತು. ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ ಊರಲ್ಲಿ ನಾಲ್ಕಾರು ಮನೆ ಸೇರಿ ಮರಿ ಕಡಿದು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರಲ್ಲ, ಆ ಗುಡ್ಡೆ ಮಾಂಸ ಒಂದೇ ದಿನದಲ್ಲಿ ಮುಗಿಯುವಂಥದ್ದಲ್ಲ. ಮಾರಿಹಬ್ಬದಲ್ಲೂ ಹಾಗೆಯೇ. ಉಳಿದದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಕೊರಬಾಡು.

ನಿಮ್ಮಜ್ಜಿ ಅದನ್ನು ಮಾಡುತ್ತಿದ್ದ ರೀತಿ ಹೀಗೆ. ಕೊಬ್ಬು ಕಡಿಮೆ ಇರುವ ಭಾಗವನ್ನು ಆರಿಸಿ, ನೀರು ತಾಗಿಸದೆ, ಎಳೆಯ ಗುಂಟ ಉದ್ದುದ್ದ ತೆಳುವಾಗಿ ಕೊಯ್ಯುವುದು. ಕಲ್ಲುಪ್ಪು ಪುಡಿ ಮಾಡಿ ಅರಿಸಿನದೊಂದಿಗೆ ಬೆರೆಸಿ ಪ್ರತಿ ಎಳೆಗೂ ತಿಕ್ಕುವುದು. ಕೆಲವು ಮನೆಗಳಲ್ಲಿ ಬೆಳ್ಳುಳ್ಳಿ, ಖಾರದ ಪುಡಿಯೂ ಸೇರುತ್ತದೆ. ಒಂದು ರಾತ್ರಿ ಮುಚ್ಚಿಟ್ಟು, ಬಿಟ್ಟ ನೀರನ್ನು ಬಸಿದು, ದಾರಕ್ಕೆ ಪೋಣಿಸಿ, ಕಾಗೆ ಬೆಕ್ಕು ಮುಟ್ಟದಂತೆ ಎತ್ತರಕ್ಕೆ ಕಟ್ಟಿ ಬಿಸಿಲಿಗೆ ಬಿಡುವುದು. ಸಂಜೆ ಒಳಗೆ, ಬೆಳಗ್ಗೆ ಹೊರಗೆ. ಕೋಲಿನಂತೆ ಗಟ್ಟಿಯಾಗಿ, ಮುರಿದರೆ ಸದ್ದು ಬರುವ ಹದಕ್ಕೆ ಬಂದ ಮೇಲೆ ಗಡಿಗೆಗೆ ತುಂಬಿ ಬಾಯಿ ಕಟ್ಟುವುದು. ಮಳೆಗಾಲದಲ್ಲಿ ತರಕಾರಿ ಇಲ್ಲದ ದಿನ ಎರಡು ಎಳೆ ತೆಗೆದು ಕೆಂಡದ ಮೇಲೆ ಸುಟ್ಟು ಜಜ್ಜಿ ಹುರುಳಿ ಸಾರಿಗೆ ಹಾಕಿದರೆ ಮನೆಯವರೆಲ್ಲರ ಮುದ್ದೆಗೆ ಸಾಕಾಗುತ್ತಿತ್ತು.

ಇದು ನಮ್ಮ ಸೀಮೆಯಲ್ಲೇ ಯಾಕೆ ಚೆನ್ನಾಗಿ ಆಗುತ್ತದೆ ಎಂಬುದನ್ನೂ ಯೋಚಿಸು. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆಯ ಈ ಭಾಗ ಮಳೆ ಕಡಿಮೆಯ ಬಯಲು. ಯುಗಾದಿಯ ಹೊತ್ತಿಗೆ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಪಾವಗಡದ ತಿರುಮಣಿ ಸುತ್ತಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಪಾರ್ಕು ಎದ್ದು ನಿಂತಿರುವುದು ಯಾವ ಬಿಸಿಲನ್ನು ನಂಬಿಯೋ, ಅದೇ ಬಿಸಿಲನ್ನು ನಂಬಿ ನಮ್ಮ ಅಜ್ಜಿಯಂದಿರು ಬಾಡು ಒಣಗಿಸುತ್ತಿದ್ದರು. ಮಲೆನಾಡಿನಲ್ಲಿ ಈ ಕ್ರಮ ನಡೆಯುವುದಿಲ್ಲ. ಕೊಡಗಿನವರು ಹಂದಿಮಾಂಸವನ್ನು ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸುತ್ತಾರೆ, ಏಕೆಂದರೆ ಅಲ್ಲಿನ ಮಳೆಯಲ್ಲಿ ಬಿಸಿಲನ್ನು ನೆಚ್ಚಲಾಗದು. ಇಟಲಿಯಲ್ಲೂ ಹೀಗೆಯೇ ನೆಲಕ್ಕೊಂದು ಕ್ರಮ. ಉತ್ತರದ ಆಲ್ಪ್ಸ್ ಬೆಟ್ಟದವರ ಸ್ಪೆಕ್ ಎಂಬ ಮಾಂಸಕ್ಕೆ ಹೊಗೆ ಬೇಕು, ಪಾರ್ಮಾದ ತೊಡೆಗೆ ಹೊಗೆ ಕೂಡದು.

ಪಾರ್ಮಾದ ತೊಡೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀನು ಇರುವುದು ಅದರ ತವರಿನಲ್ಲೇ. ಅದಕ್ಕೆ ಪ್ರೊಶೂಟೊ ಎನ್ನುತ್ತಾರೆ. ಊರಿನ ದಕ್ಷಿಣಕ್ಕೆ ಲಂಗಿರಾನೊ ಎಂಬ ಗುಡ್ಡದ ಸೀಮೆ ಇದೆ, ಪ್ರೊಶೂಟೊ ಮಾಡುವವರು ಅಲ್ಲಿ ಹೆಚ್ಚು. ಹಂದಿಯ ಹಿಂದೊಡೆ, ಸಮುದ್ರದ ಉಪ್ಪು, ಗಾಳಿ, ಕಾಲ ಇವು ನಾಲ್ಕು ಬಿಟ್ಟು ಬೇರೇನೂ ಅದಕ್ಕೆ ಸೇರುವಂತಿಲ್ಲ ಎಂಬುದು ನಿಯಮ. ಉಪ್ಪು ಹಾಕುವವನೇ ಅಲ್ಲಿ ಗುರು. ಚರ್ಮದ ಕಡೆಗೆ ಒದ್ದೆ ಉಪ್ಪು, ಮಾಂಸದ ಕಡೆಗೆ ಒಣ ಉಪ್ಪು. ನಂತರ ತಣ್ಣನೆಯ ಕೋಣೆಯಲ್ಲಿ ವಾರಗಟ್ಟಲೆ ಇಟ್ಟು, ಮತ್ತೆ ಕೆಲವು ತಿಂಗಳು ಸುಮ್ಮನೆ ಬಿಟ್ಟು, ಉಪ್ಪು ಮೂಳೆಯವರೆಗೆ ಇಳಿಯಲು ಬಿಡುತ್ತಾರೆ. ಆಮೇಲೆ ತೊಳೆದು, ಎದುರುಬದುರು ಕಿಟಕಿಗಳಿರುವ ಉದ್ದನೆಯ ಅಂಕಣಗಳಲ್ಲಿ ನೇತುಹಾಕಿ ಗಾಳಿಗೆ ಬಿಡುತ್ತಾರೆ. ಚರ್ಮ ಇಲ್ಲದ ಭಾಗ ಒಣಗಿ ಬಿರಿಯದಿರಲೆಂದು ಹಂದಿಯ ಕೊಬ್ಬನ್ನು ಮೆತ್ತುತ್ತಾರೆ. ಎಲ್ಲ ಸೇರಿ ಕನಿಷ್ಠ 14 ತಿಂಗಳು.

ಕೊನೆಗೆ ಪರೀಕ್ಷೆ. ಕುದುರೆಯ ಮೂಳೆಯಿಂದ ಮಾಡಿದ ದಬ್ಬಳವನ್ನು ತೊಡೆಯ ಗೊತ್ತಾದ ಜಾಗಗಳಲ್ಲಿ ಚುಚ್ಚಿ ತೆಗೆದು ಮೂಸುತ್ತಾರೆ. ಆ ಮೂಳೆ ವಾಸನೆಯನ್ನು ಬೇಗ ಹೀರಿ ಬೇಗ ಬಿಟ್ಟುಕೊಡುತ್ತದೆ, ಹಾಗಾಗಿ ಮುಂದಿನ ಚುಚ್ಚಿಗೆ ಮತ್ತೆ ಸಿದ್ಧ. ಮೂಗು ಒಪ್ಪಿದರೆ ಮಾತ್ರ ಐದು ಮೊನೆಯ ಕಿರೀಟದ ಮುದ್ರೆಯನ್ನು ಕಾಯಿಸಿ ಒತ್ತುತ್ತಾರೆ. ಆ ಮುದ್ರೆಯನ್ನು ಕಾಯುವುದು ತಯಾರಕರೇ 1963ರಲ್ಲಿ ಕಟ್ಟಿಕೊಂಡ ಸಂಘ. ನೀನು ಯಂತ್ರಗಳನ್ನು ಕಲಿಯಲು ಹೋಗುತ್ತಿದ್ದೀಯ, ಸಂತೋಷ. ಮೂಗನ್ನೂ ಕಲಿಸಿಕೊಂಡು ಬಾ. ನಮ್ಮ ಡೈರಿಯಲ್ಲಿ ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಅಳೆಯುವ ಯಂತ್ರ ಬಂದ ಮೇಲೂ ಕ್ಯಾನಿನ ಮುಚ್ಚಳ ತೆಗೆದೊಡನೆ ಮೂಸಿ ನೋಡುವವನೇ ಕೆಟ್ಟ ಹಾಲನ್ನು ಮೊದಲು ಹಿಡಿಯುತ್ತಿದ್ದ.

ಇಲ್ಲಿ ಒಂದು ಎಚ್ಚರಿಕೆ. ಅವರು ಇಡೀ ತೊಡೆಯನ್ನು ನೆರಳಲ್ಲಿ ಇಡುತ್ತಾರೆ, ನಾವು ತೆಳ್ಳಗೆ ಕೊಯ್ದು ಬಿಸಿಲಿಗೆ ಹಾಕುತ್ತೇವೆ. ಇದರಲ್ಲಿ ಮೇಲು ಕೀಳಿಲ್ಲ. ಅವರ ಚಳಿಗಾಲದಲ್ಲಿ ಉಪ್ಪು ಒಳಗಿಳಿಯುವವರೆಗೆ ಮಾಂಸ ಕೆಡದೆ ಕಾಯುತ್ತದೆ. ನಮ್ಮ ಬೇಸಗೆಯಲ್ಲಿ ಸಂಜೆಯೊಳಗೆ ಹಳಸುತ್ತದೆ, ಹಾಗಾಗಿ ಉಪ್ಪೂ ಬಿಸಿಲೂ ಒಮ್ಮೆಲೇ ಒಳಗೆ ಮುಟ್ಟುವಂತೆ ತೆಳುವಾಗಿ ಕೊಯ್ಯಬೇಕು. ಅಲ್ಲಿ ನೋಡಿದ್ದನ್ನು ರಜೆಗೆ ಬಂದಾಗ ನಮ್ಮ ಅಟ್ಟದಲ್ಲಿ ಮಾಡಿ ನೋಡೋಣ ಎಂದುಕೊಳ್ಳಬೇಡ. ತಣ್ಣನೆಯ ಕೋಣೆ ಇಲ್ಲದೆ ದಪ್ಪ ಮಾಂಸಕ್ಕೆ ಕೈ ಹಾಕಿದರೆ ಮೂಳೆಯ ಹತ್ತಿರ ಕೊಳೆತು ವಿಷವಾಗುತ್ತದೆ. ಕ್ರಮದ ಹಿಂದಿನ ಕಾರಣವನ್ನು ಕಲಿತು ತಾ, ಕ್ರಮವನ್ನು ಹಾಗೇ ಎತ್ತಿಕೊಂಡು ಬರಬೇಡ.

ಇನ್ನು ಚೀಸಿನ ಮಾತು. ನಮ್ಮದು ಹಾಲಿನ ಸೀಮೆ. ಕಳುವರಹಳ್ಳಿಯ ಜುಂಜಪ್ಪ ದೈವವನ್ನು ನೆನೆಯುವ ದನಗಾಹಿ ಕಾಡುಗೊಲ್ಲರ ಹಟ್ಟಿಗಳಿಂದ ಹಿಡಿದು ಇವತ್ತಿನ ಡೈರಿ ಸಂಘಗಳವರೆಗೆ ಹಾಲೇ ಬದುಕು. ಆದರೆ ನಾವು ಹಾಲನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸಿ ತುಪ್ಪ ಮಾಡಿ ಉಳಿಸಿದೆವು. ಈದ ಹಸುವಿನ ಗಿಣ್ಣುಹಾಲನ್ನು ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ಗಿಣ್ಣು ಮಾಡಿದೆವು. ಗಟ್ಟಿ ಚೀಸಿನ ದಾರಿಗೆ ಹೋಗಲಿಲ್ಲ. ಅದಕ್ಕೆ ಬೇಕಾದ ತಣ್ಣನೆಯ ನೆಲಮಾಳಿಗೆ ನಮ್ಮಲ್ಲಿ ಇರಲಿಲ್ಲ, ಹಾಲನ್ನು ಗಟ್ಟಿ ಮಾಡಲು ಎಳೆಗರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್ಟಿಗೆ ನಮ್ಮ ಮನಸ್ಸೂ ಒಪ್ಪುತ್ತಿರಲಿಲ್ಲ.

ಪಾರ್ಮಾ ಸೀಮೆಯ ಪಾರ್ಮಿಜಾನೊ ರೆಜಾನೊ ಚೀಸಿನ ಒಂದು ಗಾಲಿಗೆ ಸುಮಾರು 550 ಲೀಟರ್ ಹಸಿ ಹಾಲು ಬೇಕು. ಸಂಜೆ ಕರೆದ ಹಾಲನ್ನು ರಾತ್ರಿಯಿಡೀ ಬಿಟ್ಟು ಕೆನೆ ತೆಗೆದು, ಬೆಳಗಿನ ಹಾಲು ಬೆರೆಸಿ, ತಾಮ್ರದ ಹಂಡೆಯಲ್ಲಿ ಕಾಯಿಸುತ್ತಾರೆ. ಹಿಂದಿನ ದಿನ ಉಳಿದ ಹುಳಿ ನೀರನ್ನೇ ಹೆಪ್ಪಾಗಿ ಹಾಕುತ್ತಾರೆ. ನಮ್ಮವ್ವ ನಿನ್ನೆಯ ಮೊಸರನ್ನು ಇವತ್ತಿನ ಹಾಲಿಗೆ ಬಿಡುವ ಹಾಗೆಯೇ. ಗಾಲಿ ಉಪ್ಪುನೀರಿನಲ್ಲಿ ಮೂರು ವಾರದಷ್ಟು ಮುಳುಗಿದ್ದು, ಕಪಾಟಿನ ಮೇಲೆ ಕನಿಷ್ಠ 12 ತಿಂಗಳು ಮಾಗಬೇಕು. ಎರಡು ವರ್ಷ, ಮೂರು ವರ್ಷ ಇಡುವವರೂ ಇದ್ದಾರೆ. ಮಾಗಿದ ಗಾಲಿಯನ್ನು ಚಿಕ್ಕ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತಾರೆ. ಒಳಗೆ ಬಿರುಕೋ ಟೊಳ್ಳೋ ಇದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಪ್ರತಿ ಗಾಲಿಯ ಅಂಚಿನಲ್ಲಿ ಅದನ್ನು ಮಾಡಿದ ಡೈರಿಯ ಸಂಖ್ಯೆ, ಮಾಡಿದ ತಿಂಗಳು ಒತ್ತಿರುತ್ತವೆ.

ಆ ಗಾಲಿಯ ಮೇಲಿನ ನಂಬಿಕೆ ಎಷ್ಟೆಂದರೆ, ಅಲ್ಲಿನ ಕ್ರೆದಿತೊ ಎಮಿಲಿಯಾನೊ ಎಂಬ ಬ್ಯಾಂಕು ಚೀಸನ್ನು ಅಡವಿಟ್ಟುಕೊಂಡು ಸಾಲ ಕೊಡುತ್ತದೆ. ಗಾಲಿಗಳು ಮಾಗುವವರೆಗೆ ಬ್ಯಾಂಕಿನದೇ ಉಗ್ರಾಣದಲ್ಲಿ ಇರುತ್ತವೆ. 1953ರಿಂದ ಈ ಪದ್ಧತಿ ನಡೆದುಬಂದಿದೆ. ಹಾಲು ಹಾಕಿದ ರೈತ ವರ್ಷಗಟ್ಟಲೆ ಕೈ ಕಟ್ಟಿಕೊಂಡು ಕಾಯಬೇಕಾಗಿಲ್ಲ. 2012ರ ಮೇ ತಿಂಗಳ ಭೂಕಂಪದಲ್ಲಿ ಆ ಸೀಮೆಯ ಉಗ್ರಾಣಗಳ ಕಪಾಟು ಕುಸಿದು ಲಕ್ಷಗಟ್ಟಲೆ ಗಾಲಿಗಳು ನೆಲಕ್ಕೆ ಬಿದ್ದಾಗ ಊರೂರಿನ ಜನ ಒಡೆದ ಚೀಸನ್ನೇ ಕೊಂಡು ಆ ಡೈರಿಗಳ ಕೈ ಹಿಡಿದರು. ಸಾಧ್ಯವಾದರೆ ಆ ಉಗ್ರಾಣವನ್ನೂ, ಬೆಳಗಿನ ಹೊತ್ತು ಒಂದು ಚಿಕ್ಕ ಡೈರಿಯನ್ನೂ ನೋಡು. ನಮ್ಮ ಹಾಲು ಒಕ್ಕೂಟದಲ್ಲಿ ಊರಿನ ಹಾಲೆಲ್ಲ ಒಂದೇ ಟ್ಯಾಂಕರಿಗೆ ಬೀಳುತ್ತದೆ. ಅದರಿಂದ ಸಣ್ಣ ರೈತನಿಗೂ ದಿನಾ ಕೊಳ್ಳುವವರು ಸಿಕ್ಕರು, ಅದು ದೊಡ್ಡ ಉಪಕಾರ. ಆ ವ್ಯವಸ್ಥೆಯನ್ನು ಬಿಡದೆ, ಅದರ ಪಕ್ಕದಲ್ಲೇ ಒಂದು ಊರಿನ ಹಾಲಿಗೆ ಅದರದೇ ಹೆಸರು ಕೊಡಲು ಏನು ಬೇಕು ಎಂಬುದು ನೀನು ಹುಡುಕಬೇಕಾದ ಉತ್ತರ.

ಕುರಿ ಸಾಕುವವರ ಊರಿನವಳು ನೀನು, ಹಾಗಾಗಿ ಪೆಕೊರಿನೊ ಎಂಬ ಕುರಿಹಾಲಿನ ಚೀಸನ್ನು ಬಿಡದೆ ನೋಡು. ಪೆಕೊರಿನೊ ರೊಮಾನೊದ ಹೆಸರಿನಲ್ಲಿ ರೋಮ್ ಇದ್ದರೂ ಅದರ ಬಹುಪಾಲು ಆಗುವುದು ಸಾರ್ಡೀನಿಯಾ ದ್ವೀಪದಲ್ಲಿ. ಆ ದ್ವೀಪದ ಕುರಿಗಾಹಿಗಳು 2019ರ ಫೆಬ್ರವರಿಯಲ್ಲಿ ಕ್ಯಾನುಗಟ್ಟಲೆ ಹಾಲನ್ನು ರಸ್ತೆಗೆ ಚೆಲ್ಲಿದರು. ಲೀಟರಿಗೆ ಸಿಗುತ್ತಿದ್ದದ್ದು ಸುಮಾರು 60 ಸೆಂಟು, ಅವರು ಕೇಳಿದ್ದು ಒಂದು ಯೂರೋ. ಲೋಕಕ್ಕೆಲ್ಲ ಗೊತ್ತಿರುವ ಚೀಸಿನ ಹಿಂದೆಯೂ ಬೆಲೆ ಸಿಗದ ಕುರಿಗಾಹಿ ಇದ್ದಾನೆ. ಅಂಗಡಿಯ ಅಂದ ನೋಡಿ ಅಲ್ಲಿ ಎಲ್ಲವೂ ಸರಿಯಿದೆ ಎಂದು ತಿಳಿಯಬೇಡ. ನಾನು ಹೇಳಿದ ನಾಲ್ಕು ಪ್ರಶ್ನೆಗೆ ಐದನೆಯದನ್ನೂ ಸೇರಿಸಿಕೋ: ಹಾಲು ಕೊಟ್ಟವನಿಗೆ ಎಷ್ಟು ಸಿಕ್ಕಿತು?

ಅಲ್ಲಿಗೆ ಹೋಗುವ ಮೊದಲೇ ಕಣ್ಣು ತಯಾರಾಗಲಿ ಎಂದರೆ ಬೆಂಗಳೂರಿನಲ್ಲೇ ದಾರಿಯಿದೆ. ವಲ್ಲೊಂಬ್ರೋಸಾ ಎಂಬ ಇಟಲಿ ಮೂಲದ ಬೆನೆಡಿಕ್ಟೀನ್ ಪಂಗಡದ ಸಂನ್ಯಾಸಿಗಳು ಬೆಂಗಳೂರಿನ ತಮ್ಮ ಮಠದಲ್ಲಿ ಮೊಟ್ಸರೆಲ್ಲಾ, ಬುರಾಟಾ, ಮಸ್ಕರ್ಪೋನೆ ಮುಂತಾದ ಚೀಸುಗಳನ್ನು ಮಾಡಿ ಮಾರುತ್ತಾರೆ. ನಮ್ಮ ನಾಡಿನ ಹಾಲಿನಲ್ಲಿ ಆ ಚೀಸು ಹೇಗೆ ಬರುತ್ತದೆ ಎಂದು ತಿಂದು ನೋಡು. ಇಟಲಿಯಲ್ಲಿ ಕಂಪಾನಿಯಾದ ಎಮ್ಮೆ ಹಾಲಿನ ಮೊಟ್ಸರೆಲ್ಲಾ ಸಿಕ್ಕಾಗ ಎರಡನ್ನೂ ಹೋಲಿಸಲು ಬರುತ್ತದೆ.

ಈಗ ಅಂಗಡಿಯ ರೀತಿ ನೀತಿ ಹೇಳುತ್ತೇನೆ, ಕೇಳಿಸಿಕೋ. ಹೋದೊಡನೆ ಗೋಡೆಯ ಬಳಿಯ ಡಬ್ಬದಿಂದ ಸರದಿಯ ಚೀಟಿ ತೆಗೆದುಕೋ. ಚೀಟಿ ಇಲ್ಲದ ಕಡೆ ಕೊನೆಯಲ್ಲಿ ನಿಂತವರು ಯಾರೆಂದು ಕೇಳಿ ಅವರ ಹಿಂದೆ ನಿಲ್ಲು. ಒಳಗೆ ಕಾಲಿಟ್ಟಾಗ ಒಂದು ನಮಸ್ಕಾರ, ಹೊರಡುವಾಗ ಒಂದು ಧನ್ಯವಾದ, ಇದನ್ನು ಅವರು ಬಹಳ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ತೂಕವನ್ನು 'ಎತ್ತೊ' ಲೆಕ್ಕದಲ್ಲಿ ಕೇಳು, ಒಂದು ಎತ್ತೊ ಎಂದರೆ 100 ಗ್ರಾಂ. ಒಬ್ಬಳಿಗೆ ಅರ್ಧ ಎತ್ತೊ ಪ್ರೊಶೂಟೊ ಧಾರಾಳ. ತೆಳ್ಳಗೆ ಕೊಯ್ಯಲು ಹೇಳು. ಒಂದು ಚೂರು ರುಚಿ ನೋಡಲು ಕೇಳಿದರೆ ಕೊಡುತ್ತಾರೆ, ಆದರೆ ಜನ ಕಾದಿರುವ ಹೊತ್ತಿನಲ್ಲಿ ಹತ್ತು ಬಗೆಯ ರುಚಿ ಕೇಳಬಾರದು. ಮಧ್ಯಾಹ್ನ ಊಟದ ಹೊತ್ತಿಗೆ ಹಳೆಯ ಅಂಗಡಿಗಳು ಎರಡು ಮೂರು ತಾಸು ಬಾಗಿಲು ಹಾಕುತ್ತವೆ. ಬೆಳಗ್ಗೆ ಹತ್ತರ ಸುಮಾರಿಗೆ ಹೋದರೆ ಮಾತಿಗೂ ಪುರುಸೊತ್ತು ಇರುತ್ತದೆ. ಕೊಯ್ದು ಕೊಟ್ಟ ಮಾಂಸವನ್ನು ಅವತ್ತೇ ತಿನ್ನು. ಚೀಸನ್ನು ತಿನ್ನುವ ಅರ್ಧ ತಾಸು ಮೊದಲೇ ಫ್ರಿಜ್ಜಿನಿಂದ ತೆಗೆದಿಡು. ಪಾರ್ಮಿಜಾನೊದ ಸಿಪ್ಪೆಯನ್ನು ಎಸೆಯಬೇಡ, ಅಲ್ಲಿನವರು ಅದನ್ನು ಕೆರೆದು ತೊಳೆದು ಕಾಳಿನ ಸಾರಿಗೆ ಹಾಕುತ್ತಾರೆ.

ಪಾರ್ಮಾ, ಮೊದೆನಾ, ಬೊಲೊನ್ಯಾ ಮೂರೂ ಒಂದೇ ರೈಲು ದಾರಿಯಲ್ಲಿವೆ. ಒಂದೊಂದಕ್ಕೆ ಒಂದೊಂದು ಶನಿವಾರ ಹೋಗು, ಭಾನುವಾರ ಬಹಳ ಅಂಗಡಿಗಳು ಮುಚ್ಚಿರುತ್ತವೆ. ಮೊದೆನಾದ ಜೂಸ್ತಿ ಅಂಗಡಿ ತನ್ನ ಇತಿಹಾಸವನ್ನು 1605ರಿಂದ ಎಣಿಸಿಕೊಳ್ಳುತ್ತದೆ. ಬೊಲೊನ್ಯಾದ ಹಳೇ ಪೇಟೆಯಲ್ಲಿ 1932ರ ತಂಬುರೀನಿ ಇದೆ. ಅಲ್ಲಿನ ಬೇಯಿಸಿದ ಮಾಂಸದ ಗುಂಡಾದ ಮೊರ್ತದೆಲ್ಲಾವನ್ನು ಹೇಗೆ ಮಾಡಬೇಕು ಎಂದು ಕಾರ್ಡಿನಲ್ ಫರ್ನೇಸೆ 1661ರಲ್ಲೇ ಆಜ್ಞೆ ಹೊರಡಿಸಿದ್ದ. ಕಲಬೆರಕೆಯ ವಿರುದ್ಧ ಕಾನೂನು ಎಷ್ಟು ಹಳೆಯದು ನೋಡು. ಮಿಲಾನಿಗೆ ಹೋದರೆ 1883ರಲ್ಲಿ ಪ್ರಾಗ್‌ನಿಂದ ಬಂದವನೊಬ್ಬ ಶುರು ಮಾಡಿದ ಪೆಕ್ ಇದೆ. ಅದು ದುಬಾರಿ, ಕಣ್ಣಿಂದ ನೋಡಿ ಬಂದರೂ ಸಾಕು. ದಕ್ಷಿಣದ ಕಲಾಬ್ರಿಯಾದವರ ಎನ್‌ದೂಯಾ ಎಂಬ ಮೆಣಸಿನಕಾಯಿ ತುಂಬಿದ ಕೆಂಪು ಮಾಂಸದ ಮುದ್ದೆ ನಮ್ಮ ನಾಲಗೆಗೆ ಹತ್ತಿರ. ಟಸ್ಕನಿಯ ಫಿನೊಕ್ಯೋನಾದಲ್ಲಿ ಸೋಂಪಿನ ಪರಿಮಳ ಸಿಗುತ್ತದೆ. ಕೊರಬಾಡಿಗೆ ತೀರ ಹತ್ತಿರದ ನೆಂಟ ಎಂದರೆ ವಲ್ತೆಲ್ಲೀನಾ ಕಣಿವೆಯ ಬ್ರೆಜಾವೊಲಾ, ಅದು ಉಪ್ಪು ಹಾಕಿ ಗಾಳಿಗೆ ಒಣಗಿಸಿದ ದನದ ಮಾಂಸ.

ತಿನ್ನುವ ಬಿಡುವ ವಿಷಯದಲ್ಲಿ ನಿನ್ನ ಮನಸ್ಸೇ ನಿನಗೆ ದೊಡ್ಡದು. ಅಲ್ಲಿನ ಹೆಚ್ಚಿನ ಒಣಮಾಂಸ ಹಂದಿಯದು, ಕೆಲವು ದನದ್ದು. ತಿನ್ನಲು ಮನಸ್ಸಿಲ್ಲದಿದ್ದರೆ ಒಂದೇ ಮಾತಿನಲ್ಲಿ ಬೇಡ ಎನ್ನು, ಕಾರಣ ಹೇಳುವ ಹಂಗು ನಿನಗಿಲ್ಲ. ತಿನ್ನುವವರನ್ನು ಹೀನಾಯವಾಗಿ ನೋಡುವುದೂ ಬೇಡ, ತಿಂದದ್ದಕ್ಕೆ ನಾಚಿಕೊಳ್ಳುವುದೂ ಬೇಡ. ಜೊತೆಗೆ ಸಸ್ಯಾಹಾರಿ ಗೆಳತಿಯರಿದ್ದರೆ ಅವರಿಗೆ ಮೊದಲೇ ತಿಳಿಸು: ಪಾರ್ಮಿಜಾನೊಗೆ ಕರುವಿನ ರೆನೆಟ್ಟು ಕಡ್ಡಾಯ, ಪೆಕೊರಿನೊಗಳಲ್ಲೂ ಪ್ರಾಣಿಯ ರೆನೆಟ್ಟೇ ಹೆಚ್ಚು. ಗಿಡಮೂಲದ ರೆನೆಟ್ಟಿನ ಚೀಸು ಯಾವುದೆಂದು ಕೇಳಿದರೆ ಅಂಗಡಿಯವರೇ ತೋರಿಸುತ್ತಾರೆ. ಹುಳಿ ಹಾಕಿ ಕೆನೆಯಿಂದ ಮಾಡುವ ಮಸ್ಕರ್ಪೋನೆಗೆ ಸಾಮಾನ್ಯವಾಗಿ ರೆನೆಟ್ಟು ಬೇಕಿಲ್ಲ. ಪರರ ವ್ರತ ಕೆಡಿಸುವ ಪಾಪ ನಮಗೆ ಬೇಡ.

ಆರೋಗ್ಯದ ಮಾತನ್ನೂ ಮರೆಯಬೇಡ ಕಣವ್ವ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು ಶೇ. 18ರಷ್ಟು ಏರುತ್ತದೆ ಎಂದು ಅದು ಲೆಕ್ಕ ಕೊಟ್ಟಿದೆ. ಉಪ್ಪೂ ಹೆಚ್ಚು. ನಮ್ಮ ಮನೆತನದಲ್ಲಿ ಬಿಪಿ ಇರುವುದು ನಿನಗೇ ಗೊತ್ತು. ಬಸುರಿಯರು ಬೇಯಿಸದ ಒಣಮಾಂಸವನ್ನು ಮುಟ್ಟಬಾರದೆಂದು ವೈದ್ಯರು ಹೇಳುತ್ತಾರೆ. ನಮ್ಮ ಹಿರಿಯರು ಕೊರಬಾಡನ್ನು ಸಾರಿಗೆ ರುಚಿ ಕೊಡುವಷ್ಟೇ ಹಾಕುತ್ತಿದ್ದರು, ಅದೂ ಎಂದೋ ಒಂದು ದಿನ. ಇಟಲಿಯಲ್ಲೂ ತಿಳಿದವರು ನಾಲ್ಕು ಎಸಳು ರೊಟ್ಟಿಯ ಜೊತೆ ತಿಂದು ಏಳುತ್ತಾರೆ. ಆ ಅಳತೆಯನ್ನೇ ಇಟ್ಟುಕೋ.

ಹೊರಡುವ ದಿನ ನಿನ್ನವ್ವ ಪ್ರೀತಿಯಿಂದ ಕೊರಬಾಡನ್ನೋ ತುಪ್ಪವನ್ನೋ ಪೆಟ್ಟಿಗೆಗೆ ಹಾಕಲು ಬಂದರೆ ನಯವಾಗಿ ತಡೆ. ಯುರೋಪ್ ಒಕ್ಕೂಟದೊಳಗೆ ಹೊರಗಿನ ದೇಶದಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಬರುವಾಗಲೂ ಅಷ್ಟೆ. ನಮ್ಮ ದೇಶಕ್ಕೆ ಇಂಥವನ್ನು ತರಲು ಪ್ರಾಣಿಜನ್ಯ ಪದಾರ್ಥಗಳ ಪರವಾನಗಿ ಬೇಕು. ಇಟಲಿಯ ಮುಖ್ಯಭೂಮಿಯ ಕಾಡುಹಂದಿಗಳಲ್ಲಿ 2022ರಿಂದ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡಿದೆ. ಒಂದು ಚೂರು ಮಾಂಸದ ಜೊತೆ ಆ ರೋಗ ಊರಿಗೆ ಬಂದರೆ ಹಂದಿ ಸಾಕುವ ಬಡವರ ಬದುಕು ಹಾಳಾಗುತ್ತದೆ. ನಮಗೆ ಉಡುಗೊರೆ ತರಬೇಕೆಂದರೆ ಆ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ತಾ.

ಬರೆದುಕೊಂಡದ್ದು ಎಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಕೇಳುತ್ತೀಯೇನೋ. ಯುರೋಪಿನವರು 1992ರಲ್ಲಿ ಊರಿನ ಹೆಸರಿಗೆ ಕಾನೂನಿನ ಬೇಲಿ ಹಾಕಿದರು. ಪಾರ್ಮಾದ ಹೆಸರನ್ನು ಬೇರೆ ಊರಿನವರು ತಮ್ಮ ಮಾಂಸಕ್ಕೆ ಇಡುವಂತಿಲ್ಲ. ನಮ್ಮಲ್ಲೂ 1999ರ ಭೌಗೋಳಿಕ ಸೂಚಕ ಕಾಯ್ದೆ ಇದೆ. ಧಾರವಾಡದ ಪೇಡೆ, ಬ್ಯಾಡಗಿ ಮೆಣಸಿನಕಾಯಿ ಅದರಡಿ ನೋಂದಾಯಿಸಿಕೊಂಡಿವೆ. ಶಿರಾ ಸೀಮೆಯ ಕುರಿ, ಪಾವಗಡದ ಬಿಸಿಲು, ನಮ್ಮ ಹೆಂಗಸರ ಕೈ ಸೇರಿ ಆಗುವ ಕೊರಬಾಡಿಗೆ ಪೇಟೆಯಲ್ಲಿ ಒಂದು ಹೆಸರೂ ಇಲ್ಲ, ಅದನ್ನು ಮಾಡುವ ಮನೆಗಳೂ ಕಡಿಮೆಯಾಗುತ್ತಿವೆ. ನಮ್ಮೂರ ಪಕ್ಕದ ಹೆದ್ದಾರಿಯಲ್ಲಿ ಬೆಂಗಳೂರು ಪುಣೆಯ ನಡುವೆ ಹಗಲೂ ರಾತ್ರಿ ಜನ ಓಡಾಡುತ್ತಾರೆ. ಅವರು ನಿಂತು ಕೊಳ್ಳುವಂಥ ಒಂದು ಒಳ್ಳೆಯ ಅಂಗಡಿ ನಮ್ಮ ಕಡೆ ಇಲ್ಲ.

ಅಂಥ ಅಂಗಡಿಗೆ ಬೇಕಾದದ್ದು ನಿನ್ನ ಓದಿನಿಂದಲೇ ಬರಬೇಕು. ನೊಣ ಧೂಳು ಬೀಳದ ಬಲೆಯ ಸೌರ ಒಣಗುಪೆಟ್ಟಿಗೆ ಬೇಕು. ಒಂದು ಕಿಲೋ ಬಾಡಿಗೆ ಉಪ್ಪು ಎಷ್ಟು ಗ್ರಾಂ ಎಂಬ ಖಚಿತ ಲೆಕ್ಕ ಬೇಕು. ಮಾಂಸದೊಳಗಿನ ನೀರಿನ ಚಟುವಟಿಕೆ, ಅಂದರೆ ಸೂಕ್ಷ್ಮಜೀವಿಗಳ ಬಳಕೆಗೆ ಸಿಗುವ ನೀರಿನ ಅಳತೆ, 0.85ಕ್ಕಿಂತ ಕೆಳಗಿಳಿದರೆ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ಎಂದು ನಿನ್ನ ಪುಸ್ತಕಗಳೇ ಹೇಳುತ್ತವೆ. ಅದನ್ನು ಅಳೆಯುವ ಉಪಕರಣ, ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಪೊಟ್ಟಣ, ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ, ಪೊಟ್ಟಣದ ಮೇಲೆ ಮಾಡಿದವಳ ಹೆಸರು, ಊರು, ತಾರೀಖು ಬೇಕು. ಹತ್ತು ಮನೆಯ ಹೆಂಗಸರು ಸಂಘ ಕಟ್ಟಿಕೊಂಡರೆ ಇದು ಆಗದ ಕೆಲಸವಲ್ಲ. ಪಾರ್ಮಾದವರ ಮುದ್ರೆಯೂ ಹಾಗೆ ಸಂಘ ಕಟ್ಟಿಕೊಂಡವರದ್ದೇ. ಓದು ಮುಗಿಸಿ ನೀನು ಅಲ್ಲೇ ಕೆಲಸಕ್ಕೆ ಸೇರಿದರೂ ನನಗೆ ಬೇಸರವಿಲ್ಲ, ಈ ಲೆಕ್ಕಗಳನ್ನು ಅಲ್ಲಿಂದಲೂ ಮಾಡಿ ಕಳಿಸಬಹುದು.

ಹೊರಡಲು ಇನ್ನೂ ಕೆಲವು ವಾರ ಇವೆ. ನಿಮ್ಮಜ್ಜಿಗೆ ಕೈ ನಡುಗಿದರೂ ನೆನಪು ಗಟ್ಟಿಯಿದೆ. ಒಂದು ಕಿಲೋ ಕುರಿಬಾಡು, ಒಂದು ತಕ್ಕಡಿ ತೆಗೆದುಕೊಂಡು ಅವಳ ಪಕ್ಕದಲ್ಲಿ ಕೂತುಕೋ. ಅವಳು ಹಿಡಿಯಲ್ಲಿ ತೆಗೆಯುವ ಉಪ್ಪನ್ನು ಗ್ರಾಮಿನಲ್ಲಿ ತೂಗಿ ಬರೆ, ಎಷ್ಟು ದಿನದ ಬಿಸಿಲು ಬೇಕಾಯಿತೆಂದು ಬರೆ, ಒಣಗಿದ ಮೇಲೆ ಎಷ್ಟು ತೂಕ ಉಳಿಯಿತೆಂದು ಬರೆ. ಪುಸ್ತಕದ ಮೊದಲ ಪುಟ ತಾವರೆಕೆರೆಯದಾಗಲಿ, ಎರಡನೆಯದರಿಂದ ಪಾರ್ಮಾ ಶುರುವಾಗಲಿ. ಇದೊಂದು ಕೆಲಸ ಮುಗಿಸದೆ ಹೊರಡಬೇಡ ಮಗಳೇ.